ಮುರಿದ ಕಾಲಿನ ಭಾವನನ್ನು ವಿಮಾನದಲ್ಲಿ ಊರಿಗೆ ತಂದ ಕತೆ

ಕೇದಾರನಾಥದಿಂದ ಇಳಿಯುವಾಗ ಭೀಮಬಲಿ ಹತ್ತಿರ ನಮ್ಮ ಭಾವ ಜಾರಿ ಬಿದ್ದರು. ಮಳೆ ನೀರು, ಕುದುರೆ ಲದ್ದಿ ಎಲ್ಲ ಸೇರಿ ಅಲ್ಲಿ ದಾರಿಯೇ ಪಾಚಿಕಟ್ಟಿದ ಹಾಗೆ ಮಾರಾಯ್ರೇ. ಬಲಗಾಲಿನ ಎಲುಬು ಪಾದದ ಸ್ವಲ್ಪ ಮೇಲೆ ಮುರಿದಿತ್ತು. ನಾಲ್ಕು ಜನ ಹೊರುವ ದಂಡಿಯಲ್ಲಿ ಗೌರಿಕುಂಡಕ್ಕೆ, ಅಲ್ಲಿಂದ ಗಾಡಿಯಲ್ಲಿ ಋಷಿಕೇಶಕ್ಕೆ. ಪ್ಲಾಸ್ಟರ್ ಹಾಕಿದ ಡಾಕ್ಟರು, ಆಪರೇಷನ್ ಊರಲ್ಲೇ ಮಾಡಿಸಬಹುದು ಅಂದರು. ಆ ಕಾಲು ಇಟ್ಟುಕೊಂಡು ಎರಡು ದಿನ ರೈಲಿನಲ್ಲಿ ಕೂರಿಸುವ ಧೈರ್ಯ ನನಗಿರಲಿಲ್ಲ. ಡೆಹ್ರಾಡೂನಿನಿಂದ ಬೆಂಗಳೂರು, ಅಲ್ಲಿಂದ ಮಂಗಳೂರು ಅಂತ ಟಿಕೆಟ್ ಮಾಡಿದೆ.

ನನಗೆ ಟಿಕೆಟಿನದ್ದೇ ತಲೆಬಿಸಿ. ಮಣಿಪಾಲದಲ್ಲಿ ಫಿಸಿಯೋಥೆರಪಿ ಓದುವ ಮಗಳು ಫೋನಿನಲ್ಲಿ ಕೇಳಿದ್ದು ಬೇರೆಯೇ: "ಅಪ್ಪ, ಪ್ಲಾಸ್ಟರ್ ಹಾಕಿ 48 ಗಂಟೆ ಆಯ್ತಾ? ಆಗದಿದ್ರೆ ಉದ್ದಕ್ಕೆ ಸೀಳಿಸಿ." ವಿಮಾನದೊಳಗಿನ ಗಾಳಿಯ ಒತ್ತಡ ಆರೇಳು ಸಾವಿರ ಅಡಿ ಎತ್ತರದ ಗುಡ್ಡದ ಮೇಲೆ ಕೂತಷ್ಟೇ ಇರುತ್ತದೆ. ಹೊಸ ಪೆಟ್ಟಿನ ಕಾಲು ಊದುತ್ತದೆ, ಪ್ಲಾಸ್ಟರಿನಲ್ಲಿ ಸಿಕ್ಕಿಕೊಂಡ ಗಾಳಿಯೂ ಹಿಗ್ಗುತ್ತದೆ, ಪ್ಲಾಸ್ಟರ್ ಮಾತ್ರ ಜಗ್ಗುವುದಿಲ್ಲ, ಆಗ ರಕ್ತ ಓಡುವುದೇ ಕಷ್ಟ. ಮತ್ತೆ ಆಸ್ಪತ್ರೆಗೆ ಹೋದೆವು. ಗರಗಸದ ಮಿಷನ್ ಗುರ್ ಅಂದಾಗ ಭಾವ ಕಣ್ಣು ಮುಚ್ಚಿ ಕೃಷ್ಣ ಕೃಷ್ಣ ಅನ್ನುತ್ತಿದ್ದರು, ಬಿಳಿ ಹುಡಿ ಲುಂಗಿ ತುಂಬಾ. ಸೀಳಿದ ಪ್ಲಾಸ್ಟರಿನ ಮೇಲೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ರಕ್ತ ಹೆಪ್ಪುಗಟ್ಟದಂತೆ ಒಂದು ಇಂಜೆಕ್ಷನ್ ಕೊಟ್ಟರು. ವಿಮಾನದಲ್ಲಿ ಹೋಗಬಹುದು ಅಂತ ತಾರೀಕು ಹಾಕಿ ಚೀಟಿಯನ್ನೂ ಬರೆದರು. ಆ ಚೀಟಿಯನ್ನು ಕೌಂಟರಿನಲ್ಲಿ ಕೇಳಿಯೇ ಕೇಳಿದರು.

ಸೀಟು ನೋಡಿ ತಗೊಳ್ಳಿ. ಮೂರು ಮೂರು ಸೀಟಿನ ವಿಮಾನವಾದರೆ ಬಲಗಾಲು ಮುರಿದವರಿಗೆ 'ಸಿ', ಎಡಗಾಲಾದರೆ 'ಡಿ'. ಆಗ ನೋವಿನ ಕಾಲು ನಡುದಾರಿಯ ಕಡೆಗೆ ಬರುತ್ತದೆ, ಸ್ವಲ್ಪ ಚಾಚಬಹುದು. ಟೀ ಗಾಡಿ ಬಂದಾಗ ಮಾತ್ರ ಜಾಗ್ರತೆ. ತುರ್ತು ಬಾಗಿಲಿನ ಸಾಲಿನಲ್ಲಿ ಜಾಗ ಜಾಸ್ತಿ ಇದೆ ಅಂತ ಆಸೆಪಡಬೇಡಿ, ಇಂಥವರಿಗೆ ಅದು ಕೊಡುವುದಿಲ್ಲ.

ನಾನು ಎಡವಿದ್ದು ವೀಲ್‌ಚೇರಿನಲ್ಲಿ. ಅದರಲ್ಲಿ ಮೂರು ಬಗೆ ಉಂಟು: ದೂರ ನಡೆಯಲಾಗದಿದ್ದರೂ ಮೆಟ್ಟಿಲು ಹತ್ತುವವರಿಗೆ ಒಂದು, ಮೆಟ್ಟಿಲು ಆಗದವರಿಗೆ ಒಂದು, ಸೀಟಿನವರೆಗೂ ಕೂರಿಸಿಕೊಂಡೇ ಹೋಗಬೇಕಾದವರಿಗೆ ಇನ್ನೊಂದು. ನಾನು ಸುಮ್ನೆ ಮೊದಲನೆಯದಕ್ಕೆ ಟಿಕ್ ಹಾಕಿದ್ದೆ. ಡೆಹ್ರಾಡೂನಿನಲ್ಲಿ ಹೇಗೋ ನಡೆಯಿತು. ಬೆಂಗಳೂರಿನಲ್ಲಿ ಮಂಗಳೂರಿಗೆ ನಿಂತಿದ್ದು ಪಂಖದ ಸಣ್ಣ ಎಟಿಆರ್ ವಿಮಾನ, ಹಿಂದಿನ ಬಾಗಿಲಿಗೆ ಅದರದ್ದೇ ಮೆಟ್ಟಿಲು. ವೀಲ್‌ಚೇರ್ ತಳ್ಳುವ ಹುಡುಗ ಭಾವನ ಕಾಲು ನೋಡಿದ, ಮೆಟ್ಟಿಲು ನೋಡಿದ. "ಮೆಟ್ಟಿಲು ಹತ್ತುತ್ತಾರೆ ಅಂತ ಇದೆಯಲ್ಲಾ ಸಾರ್?" ತಪ್ಪು ನನ್ನದೇ, ಅವನಿಗೆ ಏನು ಹೇಳುವುದು? ರ‍್ಯಾಂಪ್ ತರಿಸಲು ಇಪ್ಪತ್ತು ನಿಮಿಷ, ಉಳಿದವರೆಲ್ಲ ಒಳಗಿನಿಂದ ನಮ್ಮನ್ನೇ ನೋಡುತ್ತಿದ್ದರು. ಟಿಕೆಟ್ ಮಾಡುವಾಗಲೇ ಫೋನ್ ಮಾಡಿ "ಒಂದು ಮೆಟ್ಟಿಲೂ ಹತ್ತಲಾಗದು" ಅಂತ ಬರೆಸಿ.

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಸಿದ್ದು ಚೆನ್ನಾಗಿಯೇ ಆಯಿತು. ಕಾರಿನ ಹಿಂದಿನ ಸೀಟಿನಲ್ಲಿ ಭಾವನನ್ನು ಅಡ್ಡ ಕೂರಿಸಿ, ಕಾಲಿನಡಿ ಎರಡು ತಲೆದಿಂಬು ಇಟ್ಟು, ಮುಲ್ಕಿ ದಾಟಿ ಉಡುಪಿ ಮುಟ್ಟುವಾಗ ರಾತ್ರಿ ಒಂಬತ್ತೂವರೆ. ಅಂಗಳದಲ್ಲಿ ಕಾರು ನಿಂತ ಮೇಲೆಯೇ ನೆನಪಾದದ್ದು, ಜಗಲಿಗೆ ನಾಲ್ಕು ಮೆಟ್ಟಿಲು. ಅಕ್ಕ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು ಪಕ್ಕದ ಮನೆಯವರನ್ನು ಕೂಗಿದಳು.