ಜಿನ್ನಿಂಗ್ ಮಿಲ್ಲಿನಲ್ಲಿ ಬೆಂಕಿಯ ಪಾಠ ಹೇಳುವವರನ್ನು ತಯಾರು ಮಾಡಿದ್ದು

ರಾಯಚೂರಿನ ರಾಜೇಂದ್ರ ಗಂಜ್‌ಗೆ ಹತ್ತಿ ಗಾಡಿಗಳು ಬರತೊಡಗಿದವೆಂದರೆ ಹತ್ತಿಯಿಂದ ಬೀಜ ಬೇರೆ ಮಾಡುವ ಸುತ್ತಲಿನ ಜಿನ್ನಿಂಗ್ ಮಿಲ್ಲುಗಳಲ್ಲಿ ಹಗಲು ರಾತ್ರಿ ಕೆಲಸ. ಹಂಗಾಮಿಗೆ ಬರುವ ಕೂಲಿಯವರು ವರ್ಷ ವರ್ಷ ಬದಲಾಗುತ್ತಾರೆ. ಹೋದ ವರ್ಷ ಕಲಿತವರಲ್ಲಿ ಬಹಳ ಜನ ಈ ವರ್ಷ ಬಂದಿರುವುದಿಲ್ಲ. ಹೊರಗಿನಿಂದ ಸೇಫ್ಟಿಯವನೊಬ್ಬ ವರ್ಷಕ್ಕೊಮ್ಮೆ ಹೋಗಿ ಭಾಷಣ ಮಾಡಿ, ಬ್ಯಾನರ್ ಮುಂದೆ ಫೋಟೊ ತೆಗೆಸಿ, ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು ಬಂದರೆ ಯಾರಿಗೂ ಏನೂ ದಕ್ಕುವುದಿಲ್ಲ. ಹೊಸಬ ಕೆಲಸಕ್ಕೆ ಬಂದ ದಿನವೇ ಅವನ ಕೈಗೆ ಬೆಂಕಿ ನಂದಿಸುವ ಫೈರ್ ಸಿಲಿಂಡರ್ ಕೊಟ್ಟು ಕಲಿಸುವವರು ಮಿಲ್ಲಿನೊಳಗೇ ಇರಬೇಕು. ಹಾಗಾಗಿ ನಾನು ಕೂಲಿಯವರಿಗೆ ನೇರವಾಗಿ ಕಲಿಸುವುದನ್ನು ಕಡಿಮೆ ಮಾಡಿ, ಅವರಿಗೆ ಕಲಿಸುವವರನ್ನು ತಯಾರು ಮಾಡುವ ಕೆಲಸಕ್ಕೆ ನಿಂತೆ.

ಮೊದಲ ಜಗ್ಗಾಟ ಆಳುಗಳ ಆಯ್ಕೆಯಲ್ಲೇ. ‘ಇನ್‌ಸ್ಟ್ರಕ್ಟರ್ ಟ್ರೇನಿಂಗ್’ ಎಂದ ಕೂಡಲೇ ಮಾಲಕರು ಆಫೀಸಿನ ಗುಮಾಸ್ತರನ್ನು ಕಳಿಸುತ್ತಾರೆ. ಅವರಿಗೆ ಓದು ಬರಹ ಬರುತ್ತದೆ, ನಿಜ. ಆದರೆ ರಾತ್ರಿ ಎರಡು ಗಂಟೆಗೆ ಜಿನ್ ಹಾಲಿನಲ್ಲಿ ಇರುವವರು ಅವರಲ್ಲ. ನಾನು ಕೇಳಿದ್ದು ಎಲೆಕ್ಟ್ರಿಷಿಯನ್, ಫಿಟ್ಟರ್, ಹತ್ತಿ ಒತ್ತಿ ಬೇಲು (ಬಿಗಿದ ಮೂಟೆ) ಕಟ್ಟುವ ಪ್ರೆಸ್ ನಡೆಸುವವನು, ಹಮಾಲರ ಮುಕದ್ದಮ (ಮೇಸ್ತ್ರಿ), ಮತ್ತೆ ಹತ್ತಿ ಆರಿಸುವ ಹೆಣ್ಣುಮಕ್ಕಳ ಗುಂಪಿನ ಮುಂದಾಳು. ಇವರ ಮಾತನ್ನು ಉಳಿದವರು ಈಗಾಗಲೇ ಕೇಳುತ್ತಾರೆ. ಇವರಿಗೆ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಗದರಿಸಿ ಕೆಲಸ ಮಾಡಿಸುವುದು ಗೊತ್ತು. ರಾಯಚೂರಿನಲ್ಲಿ ಒಂದೇ ಭಾಷೆಯಲ್ಲಿ ಪಾಠ ಮಾಡುತ್ತೇನೆ ಎಂದರೆ ಅರ್ಧ ಹಾಲಿಗೆ ಮುಟ್ಟುವುದೇ ಇಲ್ಲ. ಓದು ಬರಹ ಬಾರದವರನ್ನೂ ಸೇರಿಸಿಕೊಂಡೆ.

ಬೆಂಕಿಯ ಪಾಠದ ಪುಸ್ತಕಗಳೆಲ್ಲ ಉರಿಯುವ ವಸ್ತು, ಗಾಳಿ, ಶಾಖ ಎಂಬ ತ್ರಿಕೋನದಿಂದ ಶುರುವಾಗುತ್ತವೆ. ನಾನೂ ಅದನ್ನು ಹೇಳುತ್ತೇನೆ, ಆದರೆ ಅಲ್ಲೇ ಕೂರುವುದಿಲ್ಲ. ಈ ಜನರಿಗೆ ಬೇಕಾದದ್ದು ಹತ್ತಿಯ ಗುಣ. ಅದಕ್ಕೆ ಎರಡು ಬಕೆಟ್ ಸಾಕು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಬಟ್ಟೆ ಒಗೆಯುವ ಸೋಪು ಕದಡಿದ ನೀರು. ಎರಡಕ್ಕೂ ಒಂದೊಂದು ಹಿಡಿ ಅರಳೆ ಹಾಕಿ ಎನ್ನುತ್ತೇನೆ. ಬರೀ ನೀರಿನಲ್ಲಿ ಅರಳೆ ತೇಲುತ್ತದೆ. ತೆಗೆದು ಬಿಡಿಸಿದರೆ ಒಳಗೆಲ್ಲ ಒಣ. ಕಚ್ಚಾ ಹತ್ತಿಯ ಎಳೆಗೆ ಮೇಣದಂಥ ಪೊರೆ ಇರುತ್ತದೆ, ನೀರು ಒಳಕ್ಕೆ ಇಳಿಯುವುದಿಲ್ಲ. ಸೋಪಿನ ನೀರಿನಲ್ಲಿ ಅದೇ ಅರಳೆ ನೆನೆದು ಮುಳುಗುತ್ತದೆ. ಬೇಲಿನ ಬೆಂಕಿಗೆ ನೀರಿನ ಜೊತೆ ಸೋಪಿನಂಥ ದ್ರಾವಣ ಏಕೆ ಬೇಕು ಎಂಬುದನ್ನು ಮತ್ತೆ ಬಾಯಲ್ಲಿ ಹೇಳಬೇಕಾಗಿಲ್ಲ.

ಎರಡನೆಯ ಪ್ರಯೋಗ ಇನ್ನೂ ಗಟ್ಟಿ. ಅರಳೆಯನ್ನು ಒತ್ತಿ, ತಂತಿ ಬಿಗಿದು ಮುದ್ದೆ ಮಾಡಿ ಬಯಲಿನಲ್ಲಿಟ್ಟು ಕಿಡಿ ತಾಗಿಸುತ್ತೇವೆ. ಜ್ವಾಲೆ ಮೇಲ್ಮೈ ಮೇಲೆ ಸರ್ರನೆ ಹರಿಯುತ್ತದೆ. ಸಿಲಿಂಡರಿನ ಎಬಿಸಿ ಪೌಡರ್ (ಬೆಂಕಿ ನಂದಿಸುವ ಒಣ ಪುಡಿ) ಹೊಡೆದರೆ ಕಣ್ಣೆದುರಿಗೇ ಆರುತ್ತದೆ. ಎಲ್ಲರ ಮುಖದಲ್ಲೂ ಗೆದ್ದ ಕಳೆ. ಊಟ ಮುಗಿಸಿ ಬಂದು, ಕೊಕ್ಕೆಯಿಂದ ತಂತಿ ಬಿಚ್ಚಿ ಮುದ್ದೆ ಸೀಳಿಸುತ್ತೇನೆ. ಒಳಗೆ ಕೆಂಪಗೆ ಕೆಂಡ. ಗಾಳಿ ತಾಗಿದ ಕೂಡಲೇ ಮತ್ತೆ ಉರಿ. ಪ್ರೆಸ್ ನಡೆಸುವವನೊಬ್ಬ ಅದನ್ನು ನೋಡಿ ‘ಯಪ್ಪಾ, ಇದು ಸತ್ತೇ ಇರಲಿಲ್ಲಲ್ಲರೀ’ ಅಂದ. ಸುಮಾರು 170 ಕಿಲೋ ತೂಗುವ ಬೇಲಿನೊಳಗೆ ಹೀಗೆ ಸಿಕ್ಕಿಕೊಂಡ ಕಿಡಿ ದಿನಗಟ್ಟಲೆ ಹೊಗೆಯೂ ಕಾಣದಂತೆ ಇರಬಲ್ಲದು. ಅದಕ್ಕೇ ಅನುಮಾನದ ಬೇಲನ್ನು ಗೋದಾಮಿಗೆ ಸೇರಿಸದೆ ಹೊರಗೆ ದೂರ ಇಟ್ಟು ಕಾಯಬೇಕು.

ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ಏಕೆ ಆಚರಿಸುತ್ತಾರೆ ಎಂದು ಇಲ್ಲೇ ಹೇಳುತ್ತೇನೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗಿನೊಳಗೆ ಹತ್ತಿ ಬೇಲುಗಳಿಗೆ ಬೆಂಕಿ ಬಿತ್ತು. ಅದೇ ಹಡಗಿನಲ್ಲಿ ಸಿಡಿಮದ್ದೂ ಇತ್ತು. ಎಷ್ಟು ನೀರು ಸುರಿದರೂ ಬೆಂಕಿಯ ಬುಡ ಸಿಗಲಿಲ್ಲ. ಹಡಗು ಸಿಡಿದು, 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು. ಸೀಳಿದ ಮುದ್ದೆಯ ಕೆಂಡವನ್ನು ಆಗತಾನೆ ಕಂಡವರಿಗೆ ಈ ಸಂಗತಿ ನೇರ ಎದೆಗೆ ತಾಗುತ್ತದೆ. ತರಗತಿಯ ಶುರುವಿನಲ್ಲೇ ಹೇಳಿದ್ದರೆ ಹಳೆಯ ಇತಿಹಾಸವೆಂದು ಕೇಳಿ ಬಿಡುತ್ತಿದ್ದರು.

ಸಿಲಿಂಡರ್ ಬಳಸುವುದು ಒಂದು ಬೆಳಗಿನ ಕೆಲಸ. ಪಿನ್ ಕೀಳು, ಬುಡಕ್ಕೆ ಗುರಿ ಹಿಡಿ, ಹಿಡಿಕೆ ಒತ್ತು, ಅತ್ತಿತ್ತ ಆಡಿಸು. ಆರು ಕಿಲೋದ ಪೌಡರ್ ಸಿಲಿಂಡರ್ ಕಾಲು ನಿಮಿಷದ ಆಸುಪಾಸಿನಲ್ಲಿ ಖಾಲಿಯಾಗುತ್ತದೆ ಎಂಬುದು ಹೊಡೆದು ನೋಡಿದವರಿಗಷ್ಟೇ ನಂಬಿಕೆ ಬರುತ್ತದೆ. ಬಿಡಿ ಹತ್ತಿಗೆ ತೀರ ಹತ್ತಿರದಿಂದ ಹೊಡೆದರೆ ಉರಿಯುವ ಅರಳೆ ಹಾರಿ ಬೇರೆ ಕಡೆ ಬೀಳುತ್ತದೆ. ದೂರದಿಂದ ಶುರು ಮಾಡಿ ಮುಂದೆ ಸರಿಯಬೇಕು. ನೀರಿನ ಪೈಪಾದರೂ ಅಷ್ಟೇ, ನೇರ ಧಾರೆ ಬೇಡ, ತುಂತುರು ಬೇಕು. ಕರೆಂಟಿನ ಪ್ಯಾನೆಲ್ ರೂಮಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಅದರ ಗ್ಯಾಸ್ ಹೊರಬರುವ ಹಾರ್ನನ್ನು ಬರಿಗೈಯಲ್ಲಿ ಹಿಡಿದರೆ ಚಳಿಗೆ ಚರ್ಮ ಸುಟ್ಟಂತಾಗುತ್ತದೆ. ಹತ್ತಿ ಎಳೆಯುವ ಫ್ಯಾನಿನ ಪೈಪಿನೊಳಗೆ ಕಿಡಿ ಹೋಗಿದೆ ಎಂದರೆ ಮೊದಲು ಫ್ಯಾನ್ ಬಂದ್.

ಆದರೆ ಕಲಿಸುವವನಿಗೆ ಇಷ್ಟು ಗೊತ್ತಿದ್ದರೆ ಸಾಲದು. ಅಭ್ಯಾಸದ ಬೆಂಕಿಯನ್ನು ಅವನೇ ಹಚ್ಚಬೇಕು, ಅಲ್ಲಿ ಯಾರಿಗೂ ಏನೂ ಆಗದಂತೆ ಅವನೇ ನೋಡಬೇಕು. ನಾನು ಹೆಚ್ಚು ಹೊತ್ತು ಕಳೆಯುವುದು ಇದರ ಮೇಲೆ. ಹತ್ತಿ ಅಂಗಳದಿಂದ ದೂರದ ಬಯಲು, ತಗಡಿನ ಟ್ರೇ, ತಳದಲ್ಲಿ ನೀರು, ಮೇಲೆ ಡೀಸೆಲ್, ಹೊತ್ತಿಕೊಳ್ಳಲು ತುಸು ಪೆಟ್ರೋಲ್. ಹಚ್ಚುವ ಮೊದಲು ಹಿಡಿ ಮಣ್ಣು ತೂರಿ ಗಾಳಿ ನೋಡಬೇಕು. ಕಲಿಯುವವನ ಬೆನ್ನಿಗೆ ಗಾಳಿ. ಉದ್ದ ಕೋಲಿನ ಪಂಜಿನಿಂದ ಹಚ್ಚಬೇಕು. ಪಕ್ಕದಲ್ಲಿ ಇನ್ನೊಬ್ಬ ತುಂಬಿದ ಸಿಲಿಂಡರ್ ಹಿಡಿದು ನಿಂತಿರಬೇಕು. ಬೆಂಕಿ ಆರಿದ ಮೇಲೆ ಬೆನ್ನು ತಿರುಗಿಸದೆ ಹಿಂದೆ ಸರಿಯಬೇಕು. ಎಲ್ಲಕ್ಕಿಂತ ಮುಖ್ಯ, ಟ್ರೇ ತಣ್ಣಗಾಗುವ ಮುನ್ನ ಮತ್ತೆ ಎಣ್ಣೆ ಸುರಿಯಕೂಡದು. ಕಾದ ತಗಡಿಗೆ ಪೆಟ್ರೋಲ್ ಬಿದ್ದರೆ ಆವಿ ಎದ್ದು ಸುರಿಯುವವನ ಕೈಯ ಕ್ಯಾನಿಗೇ ಬೆಂಕಿ ಹಿಂದಿರುಗುತ್ತದೆ. ಸಾಲಿನಲ್ಲಿ ಜನ ಕಾಯುತ್ತಿದ್ದಾರೆ, ಹೊತ್ತಾಯಿತು ಎಂಬ ಅವಸರವೇ ಇಲ್ಲಿ ಅಪಾಯ. ಅವಸರ ಮಾಡುವವರಿಗೆ ನಾನು ಪಂಜು ಕೊಡುವುದಿಲ್ಲ.

ಇನ್ನೊಂದು ವಿಷಯ. ಒಂದೇ ಸಲ ಒತ್ತಿ ಬಿಟ್ಟ ಸಿಲಿಂಡರನ್ನೂ ಗೋಡೆಗೆ ವಾಪಸ್ ತೂಗುಹಾಕಬಾರದು. ವಾಲ್ವಿನ ಸಂದಿಯಲ್ಲಿ ಪೌಡರ್ ಕೂತು ಪ್ರೆಶರ್ ಸೋರಿಹೋಗುತ್ತದೆ. ಅಭ್ಯಾಸಕ್ಕೆ ಬೇರೆಯೇ ಸಿಲಿಂಡರ್ ಇಡಿ ಎಂದು ಮಾಲಕರಿಗೆ ಮೊದಲೇ ಹೇಳಿರುತ್ತೇನೆ.

ಆಮೇಲೆ ನಾನು ತಯಾರು ಮಾಡಿದವರು ಪಾಠ ಮಾಡುತ್ತಾರೆ, ನಾನು ಕೂಲಿಯವರ ನಡುವೆ ಕೂರುತ್ತೇನೆ. ಹೊಸದಾಗಿ ಕಲಿಸಲು ನಿಂತವರೆಲ್ಲರದೂ ಒಂದೇ ಚಾಳಿ: ಸಿಲಿಂಡರ್ ತಮ್ಮ ಕೈಯಲ್ಲೇ ಇಟ್ಟುಕೊಂಡು ಮಾತಾಡುತ್ತಾರೆ. ‘ಅದನ್ನ ಅವರ ಕೈಗೆ ಕೊಡ್ರಿ’ ಎಂದಷ್ಟೇ ಹೇಳುತ್ತೇನೆ. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಉಳಿದದ್ದನ್ನು ಮರುದಿನಕ್ಕೆ ಇಡುತ್ತೇನೆ. ಹತ್ತಿ ಆರಿಸುವ ಗುಂಪಿನ ಅಕ್ಕನೊಬ್ಬರು ಮೊದಲು ಮಾಡಿದ್ದು ಏನು ಗೊತ್ತೇ? ಸೆರಗು ಬಿಗಿದು ಸಿಕ್ಕಿಸಿಕೊಳ್ಳುವುದನ್ನು ತೋರಿಸಿದರು. ತಮ್ಮ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಸಿಲಿಂಡರ್ ಎತ್ತಿಸಿ, ನಿಂತ ಜಾಗದಿಂದ ಅದರವರೆಗೆ ನಡೆಸಿದರು. ಎಲ್ಲಿ ನಿಂತರೂ 15 ಮೀಟರಿನೊಳಗೆ ಸಿಲಿಂಡರ್ ಸಿಗಬೇಕೆಂದು ನಾನು ಹೇಳಿದ್ದನ್ನು ಅವರು ಹೆಜ್ಜೆ ಎಣಿಸಿ ಅಳೆದರು. ದಾರಿಯಲ್ಲಿ ಅಡ್ಡ ಪೇರಿಸಿದ್ದ ಬೇಲು ಕಂಡದ್ದು ಆವಾಗಲೇ. ನನ್ನ ಪಾಠದಲ್ಲಿ ಇಲ್ಲದ ಈ ನಡಿಗೆ ಈಗ ಎಲ್ಲ ಮಿಲ್ಲುಗಳಲ್ಲೂ ಉಂಟು.

ಎಲ್ಲಕ್ಕಿಂತ ಕಷ್ಟದ ಪಾಠ, ಯಾವಾಗ ನಂದಿಸಲು ಹೋಗಬಾರದು ಎಂಬುದು. ಬೆನ್ನ ಹಿಂದೆ ಬಾಗಿಲು ಇಲ್ಲದಿದ್ದರೆ ಹೋಗಬೇಡ. ಉರಿ ಸೊಂಟಕ್ಕಿಂತ ಮೇಲೆದ್ದಿದ್ದರೆ, ಹೊಗೆ ತಲೆಯ ಮಟ್ಟಕ್ಕೆ ಇಳಿದಿದ್ದರೆ ಹೋಗಬೇಡ. ಒಂದು ಸಿಲಿಂಡರಿಗೆ ಆರಲಿಲ್ಲವೆಂದರೆ ಹೊರಗೆ ಬಾ, ಜನರನ್ನು ಎಣಿಸು, 101ಕ್ಕೋ 112ಕ್ಕೋ ಫೋನ್ ಮಾಡು. ಇದನ್ನು ಕೇಳಿ ಹಮಾಲರ ಮುಕದ್ದಮರು ಎದ್ದು ನಿಂತರು. ‘ಸರ, ಮಾಲಕರ ಮಾಲು ಸುಡಾಕತ್ತಿದ್ರ ಬಿಟ್ಟು ಓಡ್ರಿ ಅಂತ ನಾ ಹೆಂಗ ಹೇಳ್ಲಿ? ನಾಳಿ ನನ್ನ ಕೆಲಸ ಉಳೀತೈತೇನು?’

ನ್ಯಾಯವಾದ ಪ್ರಶ್ನೆ. ಪಾರಾಗುವ ದಾರಿ ಎಲ್ಲ ಕಾರ್ಮಿಕರಿಗೂ ಗೊತ್ತಿರಬೇಕು, ಅದರ ತರಬೇತಿ ಆಗಿರಬೇಕು ಎಂದು 1948ರ ಫ್ಯಾಕ್ಟರಿ ಕಾಯ್ದೆಯ 38ನೇ ಕಲಮಿನಲ್ಲೇ ಬರೆದಿದ್ದರು. ಆದರೆ ಮುಕದ್ದಮರಿಗೆ ಬೇಕಾದದ್ದು ಕಲಮಲ್ಲ, ಮಾಲಕರ ಬಾಯಿಮಾತು. ಅವತ್ತೇ ಮಾಲಕರನ್ನು ಕರೆಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಲ್ಲರೆದುರು ‘ಮಾಲಿಗೆ ಇನ್ಶೂರೆನ್ಸ್ ಐತಿ. ನೀವು ಹೊರಗ ಬರ್ರಿ. ಯಾರ ಕೆಲಸಾನೂ ಹೋಗಂಗಿಲ್ಲ’ ಅಂದರು. ಅಂದಿನಿಂದ, ಮಾಲಕರು ಬಂದು ಈ ಮಾತನ್ನು ತಮ್ಮ ಬಾಯಿಂದ ಹೇಳದ ಮಿಲ್ಲಿನಲ್ಲಿ ನಾನು ತರಬೇತಿ ಶುರು ಮಾಡುವುದಿಲ್ಲ. ಇದರಿಂದ ಕೆಲವು ಮಿಲ್ಲುಗಳು ಕೈತಪ್ಪಿವೆ.

ಈಗ ಸಿಂಧನೂರು, ಮಾನ್ವಿ ಕಡೆಯ ಅಕ್ಕಿ ಗಿರಣಿಯವರೂ ಕೇಳುತ್ತಿದ್ದಾರೆ. ಅಲ್ಲಿ ಹೊಟ್ಟು ಉರಿಸುವ ಬಾಯ್ಲರ್, ಒಳಗೊಳಗೇ ಕುದಿಯುವ ಹೊಟ್ಟಿನ ರಾಶಿ. ಬಕೆಟ್ಟಿನ ಪ್ರಯೋಗ ಅಲ್ಲಿಗೆ ಹೊಂದುವುದಿಲ್ಲ, ಪಾಠ ಹೊಸದಾಗಿ ಕಟ್ಟಬೇಕು. ಒಬ್ಬ ಬಾಯ್ಲರ್ ಆಪರೇಟರನ್ನೂ ಒಬ್ಬ ಹಮಾಲರ ಮುಕದ್ದಮರನ್ನೂ ಮೊದಲು ಕಳಿಸಿ ಎಂದು ಹೇಳಿದ್ದೇನೆ.