ಬಲ ಬಂದ ಕಡೆಯಿಂದಲೇ ಕೊರತೆಯೂ ಬರಲಿ

ಆಟದ ಪಾತ್ರಕ್ಕೆ ಬಲ ಕೊಟ್ಟರೆ ಕೊರತೆಯನ್ನೂ ಕೊಡಬೇಕು. ನಾನೇ ಕಟ್ಟಿದ ಯುದ್ಧದಾಟಕ್ಕೆ ಬರೆದ ಮೊದಲ ಪಾತ್ರದ ಕಾರ್ಡು ಕುದುರೆ ದಳವಾಯಿಯದು. ದಾಳಿಗೆ 3 ಜಾಸ್ತಿ, ರಕ್ಷಣೆಗೆ 1 ಕಡಿಮೆ. ಅಕ್ಕನ ಮಗ ನಾಲ್ಕು ಆಟದಲ್ಲೂ ಅದನ್ನೇ ಎತ್ತಿಕೊಂಡ. ಎದುರಿನವನು ಮೊದಲ ಏಟಿಗೇ ಸತ್ತರೆ ರಕ್ಷಣೆ ಯಾಕೆ ಬೇಕು? ಸುಮ್ನೆ ಅಂಕಿ ಇಳಿಸಿದರೆ ಅದು ಕೊರತೆಯಲ್ಲ.

ಹಾಗಾಗಿ ಮೊದಲು ಪಾತ್ರದ ಬಲವನ್ನು ಒಂದೇ ಸಾಲಲ್ಲಿ ಬರೆಯಿರಿ. ಆಮೇಲೆ ಆ ಬಲ ಎಲ್ಲಿಂದ ಬಂತು ಅಂತ ಕೇಳಿಕೊಳ್ಳಿ. ನನ್ನ ದಳವಾಯಿಗೆ ಅದು ಬಂದದ್ದು ಓಟದಿಂದ. ಓಡುವ ಕುದುರೆ ಹೊಡೆದ ಜಾಗದಲ್ಲೇ ನಿಲ್ಲುವುದಿಲ್ಲ, ಅಲ್ವಾ? ರಕ್ಷಣೆಯ ಕಡಿತ ತೆಗೆದು, 'ಶತ್ರುವನ್ನು ಕೊಂದರೆ ಅವನು ನಿಂತಿದ್ದ ಮನೆಗೆ (ಆಟದ ಹಲಗೆಯ ಚೌಕಕ್ಕೆ) ನುಗ್ಗಲೇಬೇಕು' ಅಂತ ಬರೆದೆ. ಮುಂದಿನ ಆಟದಲ್ಲಿ ನಾನು ಒಬ್ಬ ಕಾಲಾಳನ್ನು ಬೇಕಂತಲೇ ಮುಂದೆ ಬಿಟ್ಟೆ. ಅವನ ಹಿಂದೆ ಇಬ್ಬರು ಈಟಿಯವರು. ಹುಡುಗ ಕುದುರೆಯ ಮೇಲೆ ಬೆರಳಿಟ್ಟ, ಈಟಿಗಳನ್ನು ನೋಡಿದ, ಬೆರಳು ತೆಗೆದ. ಮತ್ತೆ ಇಟ್ಟ. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇದನ್ನು ನಮ್ಮ ಹುಲಿ-ಕುರಿ ಆಟ ಎಷ್ಟು ಚೆನ್ನಾಗಿ ಮಾಡಿದೆ ನೋಡಿ. 3 ಹುಲಿ, 15 ಕುರಿ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ, ಆದರೆ ಹಾರಿ ಇಳಿಯಲು ಆಚೆ ಮನೆ ಖಾಲಿ ಇರಬೇಕು. ಕುರಿಗಳು ಒತ್ತಾಗಿ ನಿಂತರೆ ಹುಲಿ ಕಟ್ಟಿಬೀಳುತ್ತದೆ. ಬಲಕ್ಕೂ ಕೊರತೆಗೂ ಒಂದೇ ನಿಯಮ.

ಏಜ್ ಆಫ್ ಎಂಪೈರ್ಸ್ 2 ಅನ್ನುವ ಕಂಪ್ಯೂಟರ್ ಯುದ್ಧದಾಟದಲ್ಲಿ ಆರಿಸಿಕೊಳ್ಳಬಹುದಾದ ಜನಾಂಗಗಳಲ್ಲಿ ಒಂದಾದ ಗೋಥರಿಗೆ ಕಾಲಾಳು ಅಗ್ಗ, ಕಲ್ಲಿನ ಗೋಡೆ ಇಲ್ಲ. ಗೋಡೆಯ ಹಿಂದೆ ಅಡಗಿ ಕೂರುವ ದಾರಿ ಮುಚ್ಚಿದೆ, ದಂಡು ಕಟ್ಟಿಕೊಂಡು ಹೊರಡಬೇಕು. ಇಂಥ ಕೊರತೆ ಆಡುವ ರೀತಿಯನ್ನೇ ತಿದ್ದುತ್ತದೆ.

'ಮೂರರಲ್ಲಿ ಒಂದು ಸಲ ಗುರಿ ತಪ್ಪುತ್ತದೆ' ಅನ್ನುವಂಥ ಕೊರತೆ ನನಗೆ ಹಿಡಿಸುವುದಿಲ್ಲ. ಅದಕ್ಕೆ ದಾಳವನ್ನು ಬೈಯಬಹುದು, ಅಷ್ಟೇ. ಎದುರಾಳಿ ತಲೆ ಓಡಿಸಿ ಅದನ್ನು ಬಳಸಿಕೊಳ್ಳಲಾರ.

ಕೊನೆಗೆ ಹತ್ತು ಆಟ ಆಡಿಸಿ, ಯಾರು ಯಾವ ಕಾರ್ಡು ಎತ್ತಿದರು ಅಂತ ಗೀಟು ಹಾಕಿ. ಎಲ್ಲರೂ ಒಂದನ್ನೇ ಎತ್ತಿದರೆ ಕೊರತೆ ಇನ್ನೂ ತಾಗುತ್ತಿಲ್ಲ. ಯಾರೂ ಮುಟ್ಟದಿದ್ದರೆ ಬಲ ಏರಿಸಲು ಹೋಗಬೇಡಿ, ಕೊರತೆಗೆ ಬೇರೆ ಪಾತ್ರದಲ್ಲಿ ಮದ್ದು ಇಡಿ. ನಾನು ಕಹಳೆಯವನನ್ನು ತಂದೆ. ಅವನು ಪಕ್ಕದ ಮನೆಯಲ್ಲಿದ್ದರೆ ದಳವಾಯಿ ಕೊಂದ ಮೇಲೂ ನಿಂತಲ್ಲೇ ನಿಲ್ಲಬಹುದು. ಆದರೆ ಕಹಳೆಯವನ ನಡೆ ಒಂದೇ ಮನೆ. ಕುದುರೆಯ ಜೊತೆ ಅವನು ಎಲ್ಲಿ ಓಡಿಯಾನು?