ಮಕ್ಕಳ ಮೇಲೆ ಕೈ ಎತ್ತುವ ಮುಂಚೆ: ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮೂರಿನವರಿಗೆ

ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದವರು ತಪ್ಪದೆ ಕೇಳುವ ಪ್ರಶ್ನೆ ಇದು: "ಇಲ್ಲಿ ಮಗುವಿಗೆ ಒಂದೇಟು ಹಾಕಿದ್ರೂ ಪೊಲೀಸ್ ಬರ್ತಾರಂತೆ, ಹೌದಾ?"

ಸ್ಕಾಟ್‌ಲೆಂಡ್‌ನಲ್ಲಿ 2020ರ ನವೆಂಬರಿನಿಂದ, ವೇಲ್ಸ್‌ನಲ್ಲಿ 2022ರ ಮಾರ್ಚಿನಿಂದ ಮಕ್ಕಳಿಗೆ ಹೊಡೆಯುವುದೇ ಕಾನೂನಿಗೆ ವಿರುದ್ಧ. ಊರಿಂದ ನೋಡಲು ಬಂದ ಅಜ್ಜಿ, ತಾತನಿಗೂ ಅದೇ ಕಾನೂನು. ಇಂಗ್ಲೆಂಡಿನ 2004ರ ಕಾಯ್ದೆ ಹೆತ್ತವರ ಹದ ಮೀರದ ಶಿಕ್ಷೆಗೆ ಸ್ವಲ್ಪ ಜಾಗ ಬಿಟ್ಟಿದೆ. ಬಾಸುಂಡೆ ಎದ್ದರೆ, ಗಾಯವಾದರೆ ಆ ನೆಪ ನಡೆಯುವುದಿಲ್ಲ. "ನಮ್ಮೂರಲ್ಲಿ ಮೇಷ್ಟ್ರೇ ಹೊಡೀತಿದ್ರು" ಅನ್ನಬೇಡಿ. ಅಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು, ಮನಸ್ಸಿಗೆ ಹಿಂಸೆ ಕೊಡುವುದನ್ನು ನಿಷೇಧಿಸಿದೆ.

ಕಾನೂನು ಇಷ್ಟು. ಆದರೆ ಶಿಸ್ತಿಗೂ ಹಿಂಸೆಗೂ ನಡುವಿನ ಗೆರೆ ಅದಕ್ಕಿಂತ ಬಹಳ ಮುಂಚೆಯೇ ಇದೆ ಅನ್ನೋದು ನನ್ನ ನಂಬಿಕೆ. ಟಿವಿ ಆಫ್ ಮಾಡುವುದು, ಚೆಲ್ಲಿದ್ದನ್ನು ಮಗುವಿನ ಕೈಲೇ ಒರೆಸುವುದು, ಗಟ್ಟಿಯಾಗಿ "ಬೇಡ" ಅನ್ನುವುದು ಶಿಸ್ತು. ಏನು ತಪ್ಪಾಯಿತು, ಮುಂದೆ ಏನು ಮಾಡಬೇಕು ಅಂತ ಮಗುವಿಗೆ ಗೊತ್ತಾಗುತ್ತದೆ. ಬೆಲ್ಟ್ ತೆಗೆಯುವುದು, ಬರೆ ಹಾಕುವುದು, ಕಣ್ಣಿಗೆ ಖಾರ ಹಚ್ಚುವುದು, ಬಚ್ಚಲುಮನೆಯ ಕತ್ತಲಲ್ಲಿ ಕೂಡಿ ಹಾಕುವುದು, ಊಟ ಕೊಡದೆ ಇರುವುದು ಹಿಂಸೆ. "ನೀನು ಹುಟ್ಟಲೇಬಾರದಿತ್ತು" ಅಂತ ದಿನಾ ಅನ್ನುವುದೂ ಹಿಂಸೆಯೇ. ಬಾಗಿಲ ಸದ್ದಾದರೆ ಮಗು ಬೆಚ್ಚುತ್ತಿದೆಯಾ? ಹಾಗಿದ್ದರೆ ಗೆರೆ ಯಾವಾಗಲೋ ದಾಟಿದೆ.

ಇಲ್ಲಿ ಒಂದು ಅಪಾಯ ಜಾಸ್ತಿ. ಊರಿನ ತುಂಬಿದ ಮನೆಯಲ್ಲಿ ಅಪ್ಪ ಕೈ ಎತ್ತಿದರೆ ದೊಡ್ಡಮ್ಮನೋ ಅಜ್ಜಿಯೋ "ಏ ಬಿಡೋ, ಮಗು ಅದು" ಅಂತ ನಡುವೆ ಬರುತ್ತಿದ್ದರು. ಇಲ್ಲಿನ ಚಿಕ್ಕ ಫ್ಲಾಟಿನಲ್ಲಿ ದಣಿದ ಗಂಡ ಹೆಂಡತಿ, ಚಳಿ, ಕತ್ತಲು, ಕೆಲಸದ ಚಿಂತೆ. ತಡೆಯುವವರು ಯಾರೂ ಇಲ್ಲ. ಅದಕ್ಕೇ ಸಿಟ್ಟು ಏರಿದಾಗ ಮಗುವನ್ನು ಇನ್ನೊಬ್ಬರಿಗೆ ಬಿಟ್ಟು ಪಕ್ಕದ ರೂಮಿಗೆ ಹೋಗಿ. ಊರಿಗೆ ಫೋನ್ ಮಾಡಿ, ಅಥವಾ ನಮ್ಮಲ್ಲೊಬ್ಬರಿಗೆ ಮಾಡಿ. ರಾತ್ರಿ ಹತ್ತಾದರೂ ಪರವಾಗಿಲ್ಲ.

ಮಗುವಿಗೆ "ಬಿದ್ದೆ ಅಂತ ಹೇಳು" ಅಂತ ಮಾತ್ರ ಕಲಿಸಬೇಡಿ. ಪೆಟ್ಟಿನ ಜೊತೆ ಸುಳ್ಳನ್ನೂ ಹೊರಿಸಿದಂತೆ. ಟೀಚರಿಗೆ ಗೊತ್ತಾದರೆ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಶಾಲೆಯ ಸಿಬ್ಬಂದಿಗೆ ಅವರು ಹೇಳಲೇಬೇಕು. ಮನೆಗೆ ಸೋಷಿಯಲ್ ವರ್ಕರ್ ಬಂದರೆ ಬಾಗಿಲು ಹಾಕಬೇಡಿ, ನಿಜ ಹೇಳಿ, ಕನ್ನಡ ದುಭಾಷಿ ಬೇಕಾದರೆ ಕೇಳಿ. ಮಗುವನ್ನು ಕರೆದುಕೊಂಡೇ ಹೋಗ್ತಾರೇನೋ ಅನ್ನುವ ಭಯ ಇದ್ದರೆ ತಿಳಿದಿರಲಿ: ಇಂಗ್ಲೆಂಡ್, ವೇಲ್ಸ್‌ನಲ್ಲಿ ಹೆತ್ತವರು ಒಪ್ಪದಿದ್ದರೆ ಮಗುವನ್ನು ದೀರ್ಘ ಕಾಲ ಬೇರೆಡೆ ಇಡಲು ಕೋರ್ಟ್ ಆದೇಶ ಬೇಕು.

ನಮ್ಮವರದೇ ಮನೆಯಲ್ಲಿ ಮಗು ನರಳುತ್ತಿದ್ದರೆ "ನಮಗ್ಯಾಕೆ" ಅಂತ ಸುಮ್ನಿರಬೇಡಿ. ತಕ್ಷಣದ ಅಪಾಯವಿದ್ದರೆ ಇಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ. ಮಕ್ಕಳು ತಾವೇ ಮಾತಾಡಲು ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್ 0800 1111, ದುಡ್ಡು ಬೀಳುವುದಿಲ್ಲ. ಈ ನಂಬರನ್ನು ನಿಮ್ಮ ಮಕ್ಕಳಿಗೂ ನೀವೇ ಹೇಳಿಕೊಡಿ.